ಬಸಲಿಂಗವ್ವ ಮೇಡಂ ಅವರ ‘ನಾವು’

ನನ್ನ ಹೆಸರು ಅಚಿಂತ್ಯ. ಯೋಚನೆಗೆ ನಿಲುಕದವನು ಎಂದು ಅರ್ಥವಂತೆ. ಹೆಸರಿಟ್ಟ ಅಜ್ಜ ಹಾಗೆ ಹೇಳಿ ನಿಶ್ಚಿಂತೆಯಿಂದ ಹೋಗಿಬಿಟ್ಟರು. ಪಿಎಚ್.ಡಿ.ಯಲ್ಲಿ ನನ್ನ ಗೈಡು ಅದನ್ನು ‘ಯೋಚನೆ ಮಾಡದವನು’ ಎಂದು ಓದಿಕೊಂಡರು. ಅವರ ಓದೇ ಸರಿ ಎಂಬುದಕ್ಕೆ ನಾನು ಸಾಕಷ್ಟು ಪುರಾವೆ ಒದಗಿಸಿದ ಮೇಲೆ, ಇಬ್ಬರೂ ಒಪ್ಪಿ ಕೈಬಿಟ್ಟೆವು. ಹೀಗೆ ಮೈಸೂರಿನಿಂದ ವಿಜ್ಞಾನಿಯಾಗಲು ಹೊರಟವನು ಮುಂಬಯಿಯ ಪೂರ್ವ ಉಪನಗರದ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ನಿಂತೆ. ರೈಲ್ವೆ ಪಾಸಿನ ಹಾಗೆ ಆಗಾಗ ನವೀಕರಣ ಮಾಡಿಸಿಕೊಳ್ಳಬೇಕಾದ ಕೆಲಸ. ಇತರರು ಸಂಶೋಧನೆಗೆ ಹಣ ಕೇಳಿ ಬರೆಯುವ ಅರ್ಜಿಗಳ ಕಾಗುಣಿತ ತಿದ್ದುವುದು, ಮಾರ್ಜಿನ್ ಸರಿಮಾಡುವುದು, ಕೊನೆಯ ದಿನ ಸರ್ವರ್ ಕೈಕೊಟ್ಟರೆ ಬೈಸಿಕೊಳ್ಳುವುದು. ವಿಜ್ಞಾನ ಬಾರದವನಿಗೆ ವಿಜ್ಞಾನದಲ್ಲಿ ಇಷ್ಟಾದರೂ ಜಾಗ ಸಿಕ್ಕಿತಲ್ಲ.

ಸೇರಿದ ಹೊಸದರಲ್ಲಿ ಒಂದು ದಿನ ಫೋನ್ ಬಂತು.

“ತಮ್ಮಾ, ಕನ್ನಡ ಬರ್ತೈತಂತಲ್ಲ ನಿನಗ? ನಾವು ಡಾಕ್ಟರ್ ಬಸಲಿಂಗವ್ವ, ಸೂಕ್ಷ್ಮಜೀವಿ ವಿಭಾಗ. ಹನ್ನೊಂದಕ್ಕ ನಾವು ಬರ್ತೇವಿ. ಕೂತು ಮಾತಾಡೂಣು.”

ನಾವು ಎಂದರಲ್ಲ. ಹಿರಿಯ ವಿಜ್ಞಾನಿ ಎಂದ ಮೇಲೆ ಹಿಂದೆ ಇಬ್ಬರು ಮೂವರಾದರೂ ಇರಬೇಕು. ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತಂದೆ. ಕ್ಯಾಂಟೀನಿನಿಂದ ನಾಲ್ಕು ಚಹಾ ತರಿಸಿ ಮೇಲೆ ತಟ್ಟೆ ಮುಚ್ಚಿಟ್ಟೆ. ಹನ್ನೊಂದಕ್ಕೆ ಸರಿಯಾಗಿ ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಹೆಗಲಿಗೆ ಬಟ್ಟೆಯ ಚೀಲದ ಹೆಂಗಸೊಬ್ಬರು ಬಂದು ಕೂತರು. ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ.

“ಯಾರ ಹಾದಿ ನೋಡಾಕತ್ತಿ?”

“ಉಳಿದವರು ಬರ್ಲಿ ಅಂತ, ಮೇಡಂ.”

“ಯಾವ ಉಳಿದವ್ರು?”

“ನಾವು ಬರ್ತೀವಿ ಅಂದ್ರಲ್ಲ…”

ಅವರು ಕುರ್ಚಿಗಳನ್ನು ನೋಡಿದರು, ಚಹಾ ನೋಡಿದರು, ನನ್ನನ್ನು ನೋಡಿದರು. “ಮೈಸೂರ ಕಡೆಯಾಂವೇನು?”

“ಹೌದು ಮೇಡಂ.”

“ಅದಕ್ಕ. ವಿಜಾಪುರದ ಕಡೆ ನಾವು ಅಂದ್ರ ಇಷ್ಟ,” ಎಂದು ತಮ್ಮ ಎದೆಗೆ ಬೆರಳು ತೋರಿಸಿದರು. “ಇರ್ಲಿ, ಚಾ ಯಾಕ ಕೆಡಿಸೂದು? ಎರಡು ನೀ ಕುಡಿ. ಎರಡು ನಾವು ಕುಡಿತೇವಿ.”

ಆ ಬೆರಳು ತೋರಿಸಿದ್ದನ್ನು ನಾನು ಅಂದೇ ಸರಿಯಾಗಿ ತಲೆಗೆ ಹಾಕಿಕೊಂಡಿದ್ದರೆ ಮುಂದಿನ ಒಂದು ವರ್ಷ ಸುಲಭವಾಗುತ್ತಿತ್ತು. ಆದರೆ ಹೆಸರೇ ಅಚಿಂತ್ಯ.

ಮೇಡಂ ಕೆಲಸ ಮಾಡುವುದು ಉಪ್ಪಿನ ಮೇಲೆ. ವಿಜಾಪುರದಲ್ಲಿ ಅವರ ತಂದೆಗೆ ಕಿರಾಣಿ ಅಂಗಡಿ ಇತ್ತು ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಅಂಗಡಿ, ಹರಳುಪ್ಪಿನ ಚೀಲ, ಅದರ ಮುಂದೆ ಕಣ್ಣರಳಿಸಿ ಕೂತ ಪುಟ್ಟ ಹುಡುಗಿ: ಅರ್ಜಿಯ ಮೊದಲ ಪ್ಯಾರಾ ತಾನಾಗಿ ಸಿದ್ಧವಾದಂತಾಯಿತು. ಕೇಳಿದೆ. “ಇಲ್ಲಪಾ,” ಎಂದರು. “ಮುಂಬೈಗೆ ಎಂ.ಎಸ್ಸಿ.ಗೆ ಬಂದಾಗ ಗೈಡ್ ವಿಷಯ ಹಂಚಿದ್ರು. ಒಬ್ಬಾಕಿಗೆ ಗಟಾರ ಬಂತು, ಒಬ್ಬಾಂವಗ ಮೊಸರು ಬಂತು. ನಮಗ ಉಪ್ಪು ಬಂತು.”

ಬಂದ ಉಪ್ಪನ್ನು ಅವರು ಬಿಡಲಿಲ್ಲ, ಅಷ್ಟೇ. ಮುಂಬಯಿಯ ಅಂಚಿನ ಉಪ್ಪಿನ ಆಗರಗಳಲ್ಲಿ ಸಮುದ್ರದ ನೀರು ಒಣಗಿ ಹರಳು ಕಟ್ಟುವಾಗ, ಹರಳಿನ ಒಳಗೆ ಕಣ್ಣಿಗೆ ಕಾಣದಷ್ಟು ನೀರು ಸಿಕ್ಕಿಕೊಳ್ಳುತ್ತದೆ. ಆ ನೀರಿನಲ್ಲಿ ಸೂಕ್ಷ್ಮಜೀವಿಗಳೂ ಸಿಕ್ಕಿಕೊಳ್ಳುತ್ತವೆ. ಬಾಗಿಲಿಲ್ಲದ ಕೋಣೆ, ಹೊಸದಾಗಿ ಊಟವಿಲ್ಲ. ಆದರೂ ಸಾಯುವುದಿಲ್ಲ. ಎಷ್ಟು ಕಾಲ, ಮತ್ತು ಹೇಗೆ? ಮೇಡಂ ಅವರ ಇಡೀ ನೌಕರಿಯ ಪ್ರಶ್ನೆ ಇದೊಂದೇ.

ಇದಕ್ಕಾಗಿ ಅವರು ವಿದ್ಯಾರ್ಥಿನಿಯಾಗಿದ್ದಾಗಲೇ ಒಂದು ಕೆಲಸ ಮಾಡಿದ್ದರು. ಗ್ರಾಂಟ್ ರೋಡಿನ ಒಂದು ಅಂಗಡಿಯಲ್ಲಿ ಉಪ್ಪಿನಕಾಯಿ ಹಾಕುವ ಗಾಜಿನ ಬಾಟಲಿಗಳನ್ನು ಕೊಂಡು, ಕುದಿಸಿ, ಒಣಗಿಸಿ, ಒಂದೇ ದಿನ ಒಂದೇ ಆಗರದಿಂದ ತೆಗೆದ ಹರಳುಗಳನ್ನು ತುಂಬಿ, ಬಾಯಿಗೆ ಮೇಣ ಸುರಿದು ಮುಚ್ಚಿದರು. ಐದು ವರ್ಷಕ್ಕೊಮ್ಮೆ ಒಂದು ಬಾಟಲಿ ಒಡೆಯುವುದು. ಹರಳು ಕರಗಿಸಿ ತಟ್ಟೆಯ ಮೇಲೆ ಹರಡಿ ಕಾಯುವುದು. ವಾರಗಳು ಕಳೆದ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು ಏಳುತ್ತವೆ. ಎದ್ದವು ಎಂದರೆ ಬದುಕಿವೆ. ಇಲ್ಲಿಯವರೆಗೆ ಪ್ರತಿಸಲವೂ ಎದ್ದಿದ್ದವು.

ಉಳಿದ ಬಾಟಲಿಗಳು ಮೇಡಂ ಅವರ ಕೋಣೆಯ ತುಕ್ಕು ಹಿಡಿದ ಕಪಾಟಿನಲ್ಲಿದ್ದವು. ತೊಂದರೆ ಇದ್ದದ್ದು ಇಲ್ಲೇ. ಮುಂದಿನ ಬಾಟಲಿ ಒಡೆಯುವ ವರ್ಷಕ್ಕಿಂತ ಮೊದಲೇ ಮೇಡಂಗೆ ಅರವತ್ತು ತುಂಬುತ್ತಿತ್ತು. ನಮ್ಮಲ್ಲಿ ಅರವತ್ತು ತುಂಬಿದ ತಿಂಗಳ ಕೊನೆಗೆ ಶಾಲು, ಹಾರ, ಸಮೋಸ ಕೊಟ್ಟು ಕೋಣೆಯ ಕೀಲಿಕೈ ಇಸಿದುಕೊಳ್ಳುತ್ತಾರೆ. ಕೋಣೆಯಲ್ಲಿ ಉಳಿದ, ಯಾರಿಗೂ ಬೇಡವಾದ ಸಾಮಾನು ಸ್ಟೋರ್ಸ್ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಹೆಸರಿದೆ: ಡೆಡ್ ಸ್ಟಾಕ್. ಮುರಿದ ಕುರ್ಚಿ, ಸುಟ್ಟ ಪಂಖ, ಹಳೆಯ ಕಂಪ್ಯೂಟರು, ಎಲ್ಲ ಡೆಡ್ ಸ್ಟಾಕ್. ಬದುಕಿದೆಯೋ ಇಲ್ಲವೋ ನೋಡಲೆಂದೇ ಇಟ್ಟ ಬಾಟಲಿಗಳೂ ಅದರ ಜೊತೆಗೆ ಹರಾಜಿಗೆ.

ಆ ಹೊತ್ತಿಗೆ ಮಾಧುರಿಯ ಫೋನ್ ಬಂತು. ಇವರು ಮೇಡಂ ಅವರ ಮೊದಲ ವಿದ್ಯಾರ್ಥಿನಿ. ಬೆಳಗಾವಿಯವರು, ಈಗ ಪೋರ್ಚುಗಲ್‌ನ ಸಮುದ್ರದ ದಡದ ಒಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅಲ್ಲೂ ಉಪ್ಪಿನ ಆಗರಗಳಿವೆಯಂತೆ. ವಿಡಿಯೋದಲ್ಲಿ ಮಾತಾಡುವಾಗ ಮೇಡಂ ನನ್ನನ್ನೂ ಕೂರಿಸಿಕೊಂಡರು.

“ಮ್ಯಾಡಮ್, ಯುರೋಪಿಂದು ಒಂದು ಗ್ರಾಂಟ್ ಐತಿ. ನಿಮ್ಮಂಥ ಹಿರಿಯ ವಿಜ್ಞಾನಿಗಳಿಗೇ ಅಂತ ಇಟ್ಟದ್ದು. ಯಾವ ದೇಶದವ್ರು ಅಂತ ಕೇಳೂದಿಲ್ಲ. ವಯಸ್ಸೂ ಕೇಳೂದಿಲ್ಲ.”

“ಮತ್ತೇನು ಕೇಳ್ತಾರವಾ?”

“ಹತ್ತು ವರ್ಷದಾಗ ಏನು ಮಾಡೀರಿ ಅಂತ ಕೇಳ್ತಾರ. ಮುಂದ ಐದು ವರ್ಷ ಏನು ಮಾಡ್ತೀರಿ ಅಂತ ಕೇಳ್ತಾರ. ಹಾಂ, ನಿಮ್ಮ ಕೆಲಸದ ವೇಳ್ಯಾದಾಗ ಅರ್ಧ ಯುರೋಪಿನಾಗ ಇರಬೇಕಾಗ್ತೈತಿ. ನಮ್ಮ ವಿಭಾಗ ಜಾಗ ಕೊಡ್ತೈತಿ. ಬಾಟ್ಲಿಗೂ ಕೊಡ್ತೈತಿ.”

ಬಾಟಲಿಗೂ ಎಂದ ಕೂಡಲೇ ಮೇಡಂ ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ಫಾರ್ಮ್ ತಗೀ,” ಎಂದರು.

ಫಾರ್ಮ್ ತೆಗೆದೆ. ಉಪ್ಪಿನ ಜೀವಿಗಳನ್ನು ದೇಶದಿಂದ ಹೊರಗೆ ಒಯ್ಯಲು ಬೇರೆ ಅನುಮತಿ ಬೇಕೆಂದು ಗೊತ್ತಾಗಿ ಅದರ ಫಾರ್ಮನ್ನೂ ತೆಗೆದೆ. ಮೇಡಂ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು, ಆಮೇಲೆ ಅವರು ನನ್ನ ಇಂಗ್ಲಿಷನ್ನು ವಿಜ್ಞಾನಕ್ಕೆ ತಿರುಗಿಸುವುದು, ಹೀಗೆ ಕೆಲಸ ಸಾಗಿತು. “ಈ ಹರಳಿನೊಳಗಿನ ನೀರಿನ ಉಪ್ಪು ಅಳೆಯೂ ದಾರಿ ಮೊದಲು ಕಂಡವರು ನಾವು,” ಎನ್ನುತ್ತಿದ್ದರು. ನಾನು ‘ವೀ’ ಎಂದು ಬರೆಯುತ್ತಿದ್ದೆ. “ಆಗ ಎಲ್ಲಾರೂ ಇದು ತಪ್ಪು ಅಂದ್ರು, ನಾವು ಕೇಳಲಿಲ್ಲ.” ಮತ್ತೆ ವೀ. ಮೊದಲ ಪ್ರತಿ ಮುಗಿದಾಗ ನನಗೆ ಹೆಮ್ಮೆಯಾಗಿತ್ತು. ಮಾರ್ಜಿನ್ ಅಂತೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು.

ಮಾಧುರಿ ಅದನ್ನು ಓದಿ ಫೋನ್ ಮಾಡಿದರು. “ಮ್ಯಾಡಮ್, ಈ ವೀ ಅಂದ್ರ ಯಾರು?”

“ಯಾರಂದ್ರ? ನಾವು.”

“ನನಗ ಗೊತ್ತೈತಿ. ಓದೂ ಫ್ರೆಂಚ್, ಜರ್ಮನ್ ಮಂದಿಗೆ ಗೊತ್ತಿಲ್ಲಲ್ಲ. ಇದು ತಂಡದ ಅರ್ಜಿ ಅಲ್ರಿ, ಒಬ್ಬರ ಅರ್ಜಿ. ಹಿಂಗ ಬರದ್ರ, ಈಕಿ ಏನೂ ಮಾಡಿಲ್ಲ, ಹುಡುಗರ ಕಡಿಂದ ಮಾಡಿಸ್ಯಾಳ ಅಂತಾರ. ‘ಐ’ ಅಂತ ಬರೀರಿ.”

“ಎಲ್ಲಾ ಕಡೆ? ಎಲೆಕ್ಷನ್‌ಕ ನಿಂತವರ ಗತೆ?”

“ಹೌದ್ರಿ. ನಿಂತೀರಿ ಅಂತ ತಿಳೀರಿ.”

ಮೇಡಂ ಮುಖ ಹುಳ್ಳಗಾಯಿತು. ಮನೆಯಲ್ಲಿ, ಸಂಸ್ಥೆಯಲ್ಲಿ, ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಜಾಗಕ್ಕೆ ಜಗಳವಾಡುವಾಗಲೂ ಅವರ ಬಾಯಲ್ಲಿ ‘ನಾ’ ಎಂಬುದನ್ನು ನಾನು ಕೇಳಿರಲಿಲ್ಲ. ಆ ಪದ ಅವರಿಗೆ ಪರರ ಮನೆಯ ಚಪ್ಪಲಿ ಇದ್ದ ಹಾಗೆ, ಮೆಟ್ಟಲು ಸಂಕೋಚ.

ಅವರ ಸಂಕೋಚ ತಪ್ಪಿಸಲು ನಾನು ಜಾಣತನ ಮಾಡಿದೆ. ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವ ಸೌಲಭ್ಯ ಇದೆಯಲ್ಲ. ‘ವೀ’ಯ ಡಬ್ಲ್ಯು, ಇ ಎಂಬ ಎರಡು ಅಕ್ಷರ ಎಲ್ಲಿ ಕಂಡರೂ ತೆಗೆದು ‘ಐ’ ಹಾಕು ಎಂದು ಆಜ್ಞೆ ಕೊಟ್ಟೆ. ಒಂದು ಗುಂಡಿ ಒತ್ತಿದ್ದು, ಕೆಲಸ ಮುಗಿಯಿತು. ಕಣ್ಣಾಡಿಸದೆ ಮಾಧುರಿಗೆ ಕಳಿಸಿ ವಡಾಪಾವ್ ತಿನ್ನಲು ಹೋದೆ. ತಿರುಗಿ ಬರುವಷ್ಟರಲ್ಲಿ ಉತ್ತರ ಬಂದಿತ್ತು.

“ಅಚಿಂತ್ಯ, ಈ ‘ಐಟ್‌ಲ್ಯಾಂಡ್’ ಅನ್ನೂದು ಯಾವ ದೇಶ? ಅಲ್ಲೂ ಗ್ರಾಂಟ್ ಕೊಡ್ತಾರೇನು?”

ವೆಟ್‌ಲ್ಯಾಂಡ್ ಎಂಬುದರ ಮೊದಲ ಎರಡು ಅಕ್ಷರವೂ ಅವೇ ಎಂದು ನನಗೆ ಹೊಳೆದಿರಲಿಲ್ಲ. ಕಂಪ್ಯೂಟರಿಗೆ ಹೊಳೆದಿತ್ತು. ವೆಸ್ಟ್ ಕೋಸ್ಟ್ ಹೋಗಿ ‘ಐಸ್ಟ್ ಕೋಸ್ಟ್’ ಆಗಿತ್ತು. ಮೇಡಂ ಒಂದು ಸಾಲನ್ನು ಗಟ್ಟಿಯಾಗಿ ಓದಿ ಅಲ್ಲೇ ಕನ್ನಡಕ್ಕೆ ತಿರುಗಿಸಿದರು: “ನಾನು ಮೂವರೂ ದೋಣಿಯಲ್ಲಿ ಹೋದೆನು.” ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ತಮ್ಮಾ, ನಿನ್ನ ಗೈಡ್ ನಿನ್ನ ಯಾಕ ಬಿಟ್ಟಾ ಅಂತ ಈಗ ತಿಳೀತು ನೋಡು.”

ನಗುತ್ತಲೇ ಮನೆಗೆ ಹೋದವರು ಸೋಮವಾರ ನಗದೆ ಬಂದರು. “ಬ್ಯಾಡ ಬಿಡು, ಅರ್ಜಿ ಹಾಕೂದು ಬ್ಯಾಡ.”

“ಯಾಕೆ ಮೇಡಂ? ನಾನು ಕೈಯಲ್ಲೇ ತಿದ್ದುತೀನಿ, ಒಂದೊಂದಾಗಿ…”

“ನಿನ್ನ ತಪ್ಪಲ್ಲ. ಮನ್ಯಾಗ ಹೇಳಿದ್ರು, ನಾವು ಪೋರ್ಚುಗಲ್‌ಕ ಹೋಗೂದಿಲ್ಲ ಅಂತ. ಮುಗೀತು.”

ಮನೆಯಲ್ಲಿ ಎಂದರೆ ಅವರ ಯಜಮಾನರು, ಶರಣಬಸಪ್ಪನವರು. ಗ್ರಾಂಟ್ ರೋಡಿನಲ್ಲಿ ಬನಿಯನ್ನು, ಕಾಲುಚೀಲದ ಅಂಗಡಿ ಇಟ್ಟಿದ್ದವರು. ಈಗ ಅದನ್ನು ಪಾಲುದಾರರಿಗೆ ಬಿಟ್ಟು ಮನೆಯಲ್ಲಿದ್ದರು. ಅರ್ಜಿಯ ಸುದ್ದಿ ಮೊದಲು ಕೇಳಿದಾಗ ಅವರು, “ಗ್ರಾಂಟ್ ಅಂದ್ರ ನಮಗ ಗೊತ್ತಿರೂದು ಗ್ರಾಂಟ್ ರೋಡ್ ಒಂದ,” ಎಂದದ್ದನ್ನು ಮೇಡಂ ನನಗೆ ನಗುತ್ತಾ ಹೇಳಿದ್ದರು. ಆಗ ತಮಾಷೆಯಾಗಿ ಕೇಳಿಸಿದ್ದು ಈಗ ಕೇಳಿಸಲಿಲ್ಲ.

ಅರ್ಜಿ ನನ್ನ ಕಂಪ್ಯೂಟರಿನಲ್ಲಿ ಹಾಗೇ ಕೂತಿತು. ಅದೇ ವಾರ ಸ್ಟೋರ್ಸ್‌ನ ಕಾಶಪ್ಪ ಬಂದು, ಮುಂದಿನ ವರ್ಷ ಖಾಲಿಯಾಗುವ ಕೋಣೆಗಳ ಸಾಮಾನಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ ಹೋದ. ಅಕ್ಕಲಕೋಟೆಯ ಕಡೆಯವನು, ಸಂಭಾವಿತ ಮನುಷ್ಯ. ಹಾಕುವ ಮೊದಲು ಕಪಾಟು ತೋರಿಸಿ, “ಮ್ಯಾಡಮ್, ಇದ್ರಾಗಿನ ಬಾಟ್ಲಿ ಯಾರವು?” ಎಂದು ಕೇಳಿದ. “ನಮ್ಮವ,” ಎಂದರು ಮೇಡಂ. ಅವನು ತಲೆಯಾಡಿಸಿ ಕಪಾಟಿಗೂ ನಂಬರು ಹಾಕಿದ. ಸಂಜೆ ನಾನು ನೋಡಿದಾಗ ಸುಣ್ಣ ಒರೆಸಿತ್ತು. ಮರುದಿನ ಮತ್ತೆ ಬರೆದಿತ್ತು. ಅದರ ಮರುದಿನ ಮತ್ತೆ ಒರೆಸಿತ್ತು. ಇಬ್ಬರೂ ಆ ಸುಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು. ಮಾಧುರಿ ನನಗೇ ಫೋನ್ ಮಾಡಿದರು. “ನೀ ಅವರ ಮನಿ ಹತ್ರ ಇರ್ತೀಯಲ್ಲ? ಒಮ್ಮೆ ಹೋಗಿ ನೋಡೋ. ಅಂಕಲ್ ಹಂಗ ಅನ್ನೂ ಮನುಷ್ಯಾ ಅಲ್ಲ.”

ನಾನಿದ್ದದ್ದು ಸಾಂತಾಕ್ರೂಜ್‌ನಲ್ಲಿ, ಮೂವರ ಜೊತೆ ಒಂದು ಕೋಣೆಯಲ್ಲಿ. ಮೇಡಂ ಅವರ ಸೊಸೈಟಿ ಎರಡು ಗಲ್ಲಿ ಆಚೆ. ಅವರು ಆಗಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಭಾನುವಾರ ಅದನ್ನೇ ನೆಪ ಮಾಡಿಕೊಂಡು ಹೋದೆ.

ಬಾಗಿಲು ತೆಗೆದವರು ಶರಣಬಸಪ್ಪನವರು. “ಬಾ ಬಾ, ಮೈಸೂರು. ಡಬ್ಬಿ ತಂದಿಯೇನು? ಖಾಲಿ ಡಬ್ಬಿ? ನಿಮ್ಮ ಕಡೆ ಹಿಂಗ ತಿರುಗಿ ಕೊಡ್ತಾರೇನು?”

ನಾಚಿಕೆಯಾಯಿತು. ದಾರಿಯಲ್ಲಿ ನಾಲ್ಕು ಬಾಳೆಹಣ್ಣಾದರೂ ಹಾಕಿಕೊಳ್ಳಬಹುದಿತ್ತು. ಕೂತೆ. ಮೇಡಂ ಅಡುಗೆಮನೆಯಲ್ಲಿದ್ದರು, ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹಾಲ್‌ನ ಶೋಕೇಸ್ ತುಂಬ ಶರಣಬಸಪ್ಪನವರು ಕೇರಂನಲ್ಲಿ ಗೆದ್ದ ಕಪ್ಪುಗಳು. ಅವರು ಪೇಪರಿನ ಹಿಂದೆ ಮರೆಯಾದರು. ಮಾತು ಹೇಗೆ ತೆಗೆಯಬೇಕೋ ತಿಳಿಯದೆ, ತಿಳಿಯದವರು ಮಾಡುವಂತೆ ನೇರವಾಗಿ ಕೇಳಿಬಿಟ್ಟೆ.

“ಅಂಕಲ್, ಮೇಡಂ ಪೋರ್ಚುಗಲ್‌ಗೆ ಹೋಗೋದು ನಿಮಗೆ ಇಷ್ಟ ಇಲ್ವಂತೆ?”

ಪೇಪರು ಕೆಳಗಿಳಿಯಿತು. “ಯಾರು ಹೇಳಿದ್ರು?”

“ನಾವು ಹೋಗೂದಿಲ್ಲ ಅಂದ್ರಂತೆ.”

“ಹೌದು, ಅಂದೇವಿ. ಅಲ್ಲೇನೈತಿ ನಮಗ? ಮೂರು ಹೊತ್ತೂ ಮೀನ ತಿಂತಾರಂತ. ರೊಟ್ಟಿ ಇಲ್ಲ, ಮಾತು ತಿಳಿಯೂದಿಲ್ಲ. ಮ್ಯಾಲ ಈ ಮಣಕಾಲು. ನಾವು ಹೋಗೂದಿಲ್ಲಪ್ಪ.”

“ಅದಕ್ಕೇ ಮೇಡಂ ಅರ್ಜಿ ನಿಲ್ಲಿಸಿಬಿಟ್ಟರು.”

“ಅರ್ಜಿ ನಿಲ್ಲಿಸಿದ್ಲಾ? ಯಾಕ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಮೇಡಂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. “ಯಾಕಂದ್ರ? ನೀವ ಹೇಳಿದ್ರಲ್ಲ, ನಾವು ಹೋಗೂದಿಲ್ಲ ಅಂತ.”

“ನಾವು ಅಂದ್ರ ನಾವು. ನೀ ಅಲ್ಲ.”

ಮೇಡಂ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು.

“ಲಗ್ನ ಆಗಿ ಇಷ್ಟು ವರ್ಷ ಆತು. ನಾವು ಅಂದ್ರ ಯಾರು ಅಂತ ತಿಳಿಯೂದಿಲ್ಲೇನು ನಿನಗ?”

“ನೀವು ಪೇಪರ್‌ನ್ಯಾಗ ಮಾರಿ ಇಟ್ಕೊಂಡು ಹೇಳಿದ್ರ ಯಾವ ನಾವು ಅಂತ ಹ್ಯಾಂಗ ತಿಳೀಬೇಕು?”

“ನಿನಗ ಬ್ಯಾಡ ಅನ್ನೂದಿದ್ರ, ನೀ ಹೋಗಬ್ಯಾಡ ಅಂತ ಹೇಳ್ತಿದ್ವಿ. ಅಷ್ಟು ಧೈರ್ಯ ಐತಿ ನಮಗ.”

“ಇಲ್ಲ. ಅಷ್ಟಿಲ್ಲ,” ಎಂದರು ಮೇಡಂ.

ಶರಣಬಸಪ್ಪನವರು ನನ್ನ ಕಡೆ ನೋಡಿದರು. ನಾನು ಕೇರಂ ಕಪ್ಪುಗಳ ಕಡೆ ನೋಡಿದೆ. ವಿಜಾಪುರದವರು ವಿಜಾಪುರದವರಿಗೇ ಹೇಳಿದ ‘ನಾವು’ ಅರ್ಥವಾಗದೆ ಒಂದು ಅರ್ಜಿ ವಾರಗಟ್ಟಲೆ ನಿಂತಿತ್ತು. ನನ್ನ ನಾಲ್ಕು ಚಹಾ ಅಷ್ಟೇನೂ ದೊಡ್ಡ ತಪ್ಪಲ್ಲ ಎಂದು ಅಂದು ಮೊದಲ ಸಲ ಅನಿಸಿತು.

“ಮತ್ತ ಊಟಕ್ಕ ಏನು ಮಾಡ್ತೀರಿ, ನಾವಿಲ್ಲದಾಗ?” ಎಂದು ಮೇಡಂ ಕೇಳಿದರು. ದನಿ ಇಳಿದಿತ್ತು.

“ಗ್ರಾಂಟ್ ರೋಡಿನಾಗ ಉಡುಪಿ ಹೋಟೆಲ್ ಏನ್ ಮುಚ್ಯಾವೇನು? ಅಂಗಡಿ ಇದ್ದಾಗ ಅಲ್ಲೇ ಉಣತಿರಲಿಲ್ಲೇನು ನಾವು? ಹೋಗು, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ.”

ಊಟವಾದ ಮೇಲೆ ಅದೇ ಮೇಜಿನ ಮೇಲೆ ಅರ್ಜಿ ಹರಡಿದೆವು. ಈ ಸಲ ಗುಂಡಿ ಒತ್ತುವ ಕೆಲಸವಿಲ್ಲ. ನಾನು ಒಂದೊಂದು ವಾಕ್ಯ ಓದುವುದು, ಅದರಲ್ಲಿನ ವೀ ಯಾವುದು ಎಂದು ಮೇಡಂ ಹೇಳುವುದು. ಆದರೂ ‘ನಾ’ ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಆಗಲಿಲ್ಲ. ಅದಕ್ಕೊಂದು ಗುರುತು ಮಾಡಿಕೊಂಡರು. ತಾವೊಬ್ಬರೇ ಮಾಡಿದ್ದಾದರೆ “ಒಂದು”. ನಿಜವಾಗಿ ಹಲವರು ಸೇರಿ ಮಾಡಿದ್ದಾದರೆ “ಭಾಳ”.

“ಒಂದು,” ಎಂದರು. “ಇದೂ ಒಂದು. ಇದು… ಭಾಳ ಬರಿ.”

“ಅದು ಹ್ಯಾಂಗ ಭಾಳ?” ಸೋಫಾದಿಂದ ದನಿ ಬಂತು. ಪೇಪರು ಇನ್ನೂ ಮುಖಕ್ಕೆ ಅಡ್ಡವಾಗಿತ್ತು. “ಮೊದಲ ಸಲ ಆಗರದಾಗ ಹರಳು ಆರಿಸಿದ್ದಲ್ಲ ಅದು? ನೀ ಒಬ್ಬಾಕೀನ ಹೋಗಿದ್ದಿ. ಮಳಿ ಬಂದು ಲೋಕಲ್ ಬಂದ್ ಆಗಿತ್ತು. ನಾವು ಛತ್ರಿ ಹಿಡ್ಕೊಂಡು ಸ್ಟೇಷನ್‌ನ್ಯಾಗ ನಿಂತಿದ್ವಿ.”

ಮೇಡಂ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. “ಒಂದು,” ಎಂದರು ಆಮೇಲೆ.

ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಮೇಡಂ ಭಾಳ ಎಂದದ್ದನ್ನು ಸೋಫಾ ಒಂದು ಎನ್ನುತ್ತಿತ್ತು. ಯಾವ ಭಾನುವಾರ ಅವರೊಬ್ಬರೇ ಲ್ಯಾಬಿಗೆ ಹೋದರು, ಯಾವ ದೀಪಾವಳಿಗೆ ಊರಿಗೆ ಹೋಗಲಿಲ್ಲ, ಯಾವ ಲೇಖನ ತಿರುಗಿ ಬಂದಾಗ ಯಾರೂ ಜೊತೆಗಿರಲಿಲ್ಲ, ಎಲ್ಲ ಆ ಪೇಪರಿನ ಹಿಂದೆ ದಾಖಲಾಗಿತ್ತು. ಯುರೋಪಿನವರು ಸಾಕ್ಷಿ ಕೇಳಿದ್ದರೆ ನಾನು ಬನಿಯನ್ ಅಂಗಡಿಯ ಶರಣಬಸಪ್ಪನವರ ಹೆಸರನ್ನೇ ಕೊಡುತ್ತಿದ್ದೆ.

ಒಂದೇ ಒಂದು ಕಡೆ ಮೇಡಂ ಬಗ್ಗಲಿಲ್ಲ. ಒಂದು ತಟ್ಟೆಯಲ್ಲಿ ಚುಕ್ಕೆ ಏಳದೆ, ಜೀವ ಸತ್ತಿದೆ ಎಂದು ತಾವು ಎಸೆಯಲು ಹೊರಟಾಗ, ಇನ್ನಷ್ಟು ದಿನ ಕಾಯೋಣ ಎಂದು ಮಾಧುರಿ ತಡೆದಿದ್ದರಂತೆ. ಇಬ್ಬರೂ ಪಾಳಿಯ ಮೇಲೆ ಕಾದರು. ಚುಕ್ಕೆ ಎದ್ದಿತು. ಈ ಜೀವಿಗಳು ಸಾಯುವುದಿಲ್ಲ, ತಡಮಾಡುತ್ತವೆ ಎಂಬ ಅವರ ಮುಖ್ಯ ಮಾತು ಹುಟ್ಟಿದ್ದು ಅಲ್ಲಿ.

“ಇದನ್ನೂ ಒಂದು ಅಂತ ಬರೀರಿ ಅಂದಿದ್ದಾರೆ ಮಾಧುರಿ ಮೇಡಂ,” ಎಂದೆ.

“ಆಕಿ ಅಂತಾಳ. ಇದು ಖರೇನ ನಾವು. ಇದನ್ನ ಮುಟ್ಟಬ್ಯಾಡ.”

ಅರ್ಜಿ ಹೋಯಿತು. ಸರ್ವರ್ ಕೈಕೊಡಲಿಲ್ಲ, ಬೈಸಿಕೊಳ್ಳುವ ಅವಕಾಶ ತಪ್ಪಿತು. ಚಳಿಗಾಲ ಕಳೆಯುವ ಹೊತ್ತಿಗೆ ಮೊದಲ ಸುತ್ತು ದಾಟಿದ್ದೀರಿ ಎಂದು ಪತ್ರ ಬಂತು. ಆಮೇಲೆ ವಿಡಿಯೋದಲ್ಲಿ ಸಂದರ್ಶನ. ಮೇಡಂ ಕೋಣೆಯ ಬಾಗಿಲ ಹೊರಗೆ ನಿಂತು, ಕಾರಿಡಾರಿನಲ್ಲಿ ಯಾರೂ ಟ್ರಾಲಿ ತಳ್ಳದಂತೆ, ಕಿಟಕಿಗೆ ಪಾರಿವಾಳ ಕೂರದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಸಂಶೋಧನೆ. ಒಳಗಿನಿಂದ ಅವರ ಇಂಗ್ಲಿಷ್ ಕೇಳುತ್ತಿತ್ತು. ಪ್ರತಿ ‘ಐ’ಗೂ ಮುಂಚೆ ಅರೆಕ್ಷಣ ನಿಲ್ಲುತ್ತಿದ್ದರು. ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ನೋಡಿಕೊಂಡು ಹೆಜ್ಜೆ ಇಡುವವರ ಹಾಗೆ. ಆದರೆ ನಿಂತು ನಿಂತು ನಡೆದೇ ನಡೆದರು.

ಹೊರಗೆ ಬಂದವರು, “ಒಬ್ಬಾಕಿ ಕೇಳಿದ್ಲು, ಎಲ್ಲಾ ಕಡೆ ಐ ಅಂದೀರಿ, ಇದೊಂದು ಕಡೆ ಯಾಕ ವೀ ಅಂತ,” ಎಂದರು.

“ಏನಂದ್ರಿ?”

“ಅಲ್ಲಿ ಇಬ್ರಿದ್ವಿ ಅಂದ್ವಿ.”

ಜೂನ್‌ನಲ್ಲಿ ಫಲಿತಾಂಶ ಬಂತು. ದರ್ಜೆ ಎ. ಹಣ ಕೊಡಲು ಅರ್ಹ. ಆದರೆ ಅರ್ಹರ ಪಟ್ಟಿ ಉದ್ದವಿದ್ದು, ಹಣ ಇವರ ಹೆಸರಿಗಿಂತ ಮೇಲೆಯೇ ಮುಗಿದಿತ್ತು. ಬೆಳಗಿನ ವಿರಾರ್ ಲೋಕಲ್‌ನ ಬಾಗಿಲ ಕಂಬಿಗೆ ಕೈ ತಾಗಿ, ಕಾಲಿಗೆ ಜಾಗ ಸಿಗದೆ ಪ್ಲಾಟ್‌ಫಾರ್ಮಿನ ಮೇಲೇ ಉಳಿದ ಹಾಗೆ. ಮುಂದಿನ ಸಲ ಮತ್ತೆ ಹಾಕಬಹುದು ಎಂದು ಮಾಧುರಿ ಹೇಳಿದರು. ಸದ್ಯಕ್ಕೆ ತಮ್ಮ ವಿಭಾಗದಿಂದ ಮೂರು ತಿಂಗಳ ಅತಿಥಿ ಹುದ್ದೆ ಕೊಡಿಸುತ್ತೇನೆ ಎಂದರು. ಮೇಡಂ “ಆಗಲಿ” ಎಂದರು. ಪರೀಕ್ಷಕರ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಅರ್ಜಿದಾರರ ಸ್ವಂತ ಕೊಡುಗೆ ಸ್ಪಷ್ಟವಾಗಿದೆ. ಅದನ್ನು ನನ್ನಿಂದ ಎರಡು ಸಲ ಓದಿಸಿದರು.

ಪೋರ್ಚುಗಲ್ ಮುಂದಿನ ಮಾತು. ಬಾಟಲಿಗಳಿಗೆ ಅಷ್ಟು ಸಮಯವಿರಲಿಲ್ಲ. ಜುಲೈನ ಕೊನೆಯ ದಿನ ಶಾಲು ಬಂತು, ಹಾರ ಬಂತು, ಸಮೋಸ ಬಂತು. ನಿರ್ದೇಶಕರು ಇಂಗ್ಲಿಷಿನಲ್ಲಿ ಎರಡು ಮಾತಾಡಿ ಮೀಟಿಂಗಿಗೆ ಹೋದರು. ಮೇಡಂ ಕೋಣೆಗೆ ತಿರುಗಿ ಬರುವಾಗ ಕಾಶಪ್ಪ ಕಾಗದ ಹಿಡಿದು ಕಾಯುತ್ತಿದ್ದ. ಅವನ ಹಿಂದೆ ತಳ್ಳುವ ಗಾಡಿ.

“ಮ್ಯಾಡಮ್, ಯೇ ಕಪಾಟ್ ಭೀ ಲೇನಾ ಪಡೇಗಾ. ಇದನ್ನೂ ಒಯ್ಯಬೇಕ್ರಿ,” ಎಂದು ಅವನು ನೆಲ ನೋಡಿಕೊಂಡೇ ಹೇಳಿದ.

“ಒಳಗ ಬಾಟ್ಲಿ ಅದಾವ, ಕಾಶಪ್ಪ.”

“ಗೊತ್ತೈತ್ರಿ. ಎಷ್ಟು ಸಲ ಕೇಳೀನಿ, ಯಾರವು ಅಂತ. ಆಪ್ ಹಮೇಶಾ ಬೋಲ್ತೇ ಹೋ, ನಮ್ಮವು. ನಮ್ಮವು ಅಂದ್ರ ಸಂಸ್ಥಾದ್ದು. ಸಂಸ್ಥಾದ್ದು ಅಂದ್ರ, ಬೇಕಂತ ಯಾರೂ ಸಹಿ ಮಾಡಲಿಲ್ಲ, ಡೆಡ್ ಸ್ಟಾಕ್. ನಾ ಏನ್ ಮಾಡ್ಲಿ? ಈ ಕಾಗದದಾಗ ಎರಡ ಖಾನಿ ಅದಾವ. ಸಂಸ್ಥಾದ್ದು, ಇಲ್ಲಾಂದ್ರ ಸ್ವಂತದ್ದು. ಹೇಳ್ರಿ, ಯಾರವು?”

ಮೇಡಂ ಕಪಾಟಿನ ಬಾಗಿಲ ಮೇಲೆ ಕೈಯಿಟ್ಟು ನಿಂತರು. ಕೊರಳಲ್ಲಿ ಹಾರ ಇನ್ನೂ ಇತ್ತು. ನಾನು ಬಾಯಿ ತೆರೆಯಬೇಕೆಂದಿದ್ದೆ. ಅದೃಷ್ಟಕ್ಕೆ, ಯೋಚನೆ ಮಾಡುತ್ತಾ ತಡವಾಯಿತು.

“ನನ್ನವು,” ಎಂದರು.

ಕಾಶಪ್ಪ ತಲೆಯೆತ್ತಿದ.

“ಕಪಾಟು ನಿಮ್ಮದು, ಒಯ್ಯಿ. ಬಾಟ್ಲಿ ನನ್ನವು. ಇಲ್ಲಿ ನೌಕರಿ ಸೇರೂ ಮೊದಲ ಗ್ರಾಂಟ್ ರೋಡಿನಾಗ ನಾ ಕೊಂಡೇನಿ. ಆಗರಕ ನಾ ಹೋಗೇನಿ, ನಾ ತುಂಬೇನಿ, ನಾ ಮುಚ್ಚೇನಿ. ಬರಕೋ.”

“ಐಸಾ ಪೆಹಲೇ ಬೋಲ್ನಾ ಥಾ ನಾ ಮ್ಯಾಡಮ್, ಮೊದಲ ಹೇಳಬಾರದಿತ್ತೇನ್ರಿ,” ಎಂದ ಕಾಶಪ್ಪ. ಕಪಾಟಿನ ಸಾಲಿನ ಪಕ್ಕ ‘ಖಾಲಿ’ ಎಂದು ಬರೆದ. ಬಾಟಲಿ ಇಳಿಸಲು ಅವನೇ ರಟ್ಟಿನ ಪೆಟ್ಟಿಗೆ ಹುಡುಕಿ ತಂದ. ಹಳೆಯ ಪೇಪರು ಸುತ್ತಿ ಒಂದಕ್ಕೊಂದು ತಾಗದಂತೆ ಇಟ್ಟ.

ಟ್ಯಾಕ್ಸಿಯಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಸಾಂತಾಕ್ರೂಜ್‌ವರೆಗೂ ಪ್ರತಿ ಗುಂಡಿಗೂ ಮೇಡಂ ಡ್ರೈವರನಿಗೆ “ಧೀರೇ ಭೈಯಾ, ಧೀರೇ” ಎನ್ನುತ್ತಿದ್ದರು. ಹೊರಡುವ ಮೊದಲೇ ಅವರು ಫೋನ್ ಮಾಡಿದ್ದರಿಂದ ಮನೆಯಲ್ಲಿ ಶೋಕೇಸ್ ಆಗಲೇ ಖಾಲಿಯಾಗಿತ್ತು. ಕೇರಂ ಕಪ್ಪುಗಳು ಫ್ರಿಜ್ಜಿನ ಮೇಲೆ ಹೋಗಿದ್ದವು. ಶರಣಬಸಪ್ಪನವರು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

“ಇವು ಖರೇನ ಜೀವಂತ ಅದಾವೇನು?”

“ಅದಾವ. ಅಲುಗಾಡಿಸಬ್ಯಾಡ್ರಿ.”

ಅವರು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗಿಟ್ಟರು.

ಈ ವರ್ಷದ ಕರೆ ಬಂದಿದೆ. ಹೊರದೇಶಕ್ಕೆ ಒಯ್ಯುವ ಅನುಮತಿಯ ಫೈಲು ಯಾವುದೋ ಮೇಜಿನ ಮೇಲಿದೆ. ನನ್ನ ಕಾಂಟ್ರಾಕ್ಟೂ ಅಷ್ಟೇ. ನಿನ್ನೆ ಮೇಡಂ ಫೋನ್ ಮಾಡಿದರು.

“ತಮ್ಮಾ, ಆಯ್ತವಾರ ಮನಿಗೆ ಬಾ. ಫಾರ್ಮ್ ತುಂಬೂಣು ನಾವು.”

ಈ ಸಲ ನಾನು ಜಾಣನಾಗಿದ್ದೆ. “ಎಷ್ಟು ಚಹಾ, ಮೇಡಂ?”

ಆ ಕಡೆಯಿಂದ ನಗು.

“ಮೂರು. ಮತ್ತ ನೋಡು, ಡಬ್ಬಿ ಖಾಲಿ ತರಬ್ಯಾಡ.”